ಹೆಸರು ಬದಲಾಯಿಸಬೇಕಾ? ಅಫಿಡವಿಟ್‌ನಿಂದ ವಂಶವೃಕ್ಷದವರೆಗೆ ಪೂರ್ತಿ ದಾರಿ

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ‘ನಾಗರಾಜ್ ಬಿ.’. ಆಧಾರ್‌ನಲ್ಲಿ ‘ನಾಗರಾಜ ಎಚ್ ಬಿ’. ಪ್ಯಾನ್ ಕಾರ್ಡ್‌ನಲ್ಲಿ ‘ಬಸಪ್ಪ ನಾಗರಾಜು’, ಅಲ್ಲಿ ಅಪ್ಪ ಮೊದಲು, ನಾನು ಆಮೇಲೆ. ಊರಿನ ಪಹಣಿಯಲ್ಲಿ ‘ನಾಗರಾಜಪ್ಪ ಬಿನ್ ಬಸಪ್ಪ’. ಕಾಗದದ ಲೆಕ್ಕದಲ್ಲಿ ನಾಲ್ಕು ಜನ, ಸಂಬಳ ಮಾತ್ರ ಒಬ್ಬನದ್ದು. (ಈ ಹೆಸರು ನನ್ನದಲ್ಲ, ಉದಾಹರಣೆಗೆ ಅಂತ ಇಟ್ಟುಕೊಂಡದ್ದು. ತೊಂದರೆ ಮಾತ್ರ ನನ್ನದೇ.)

ಇದನ್ನೆಲ್ಲ ಸರಿ ಮಾಡಿಸಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು ಏಜೆಂಟ್ ಹಿಡಿದದ್ದು. ಎರಡನೇ ತಪ್ಪು, ಯಾವ ಕಾಗದ ಮೊದಲು, ಯಾವುದು ಆಮೇಲೆ ಅಂತ ಯೋಚಿಸದೆ ಸಿಕ್ಕ ಸಿಕ್ಕ ಕಡೆ ಅರ್ಜಿ ಹಾಕಿದ್ದು. ಹೆಸರು ಬದಲಾಯಿಸುವ ಕೆಲಸದಲ್ಲಿ ಕಷ್ಟ ಅನ್ನುವಂಥದ್ದು ಏನೂ ಇಲ್ಲ. ಆದರೆ ಹಳೇ ಹೆಸರಿನವನೂ ಹೊಸ ಹೆಸರಿನವನೂ ಒಬ್ಬನೇ ಅಂತ ತೋರಿಸುವ ಕಾಗದದ ಸರಪಳಿ ಎಲ್ಲೂ ತುಂಡಾಗಬಾರದು. ಗೆಜೆಟ್, ಅಂದರೆ ಸರ್ಕಾರದ ಅಧಿಕೃತ ಪ್ರಕಟಣೆಗಳ ಪತ್ರ, ಆ ಸರಪಳಿಯ ಒಂದು ಕೊಂಡಿ ಮಾತ್ರ. ಬಹಳ ಜನ ಗೆಜೆಟ್ ಆದರೆ ಎಲ್ಲ ಆಯಿತು ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ.

ಮೊದಲು ಇದನ್ನು ಕೇಳಿಕೊಳ್ಳಿ: ಬದಲಾವಣೆಯಾ, ತಿದ್ದುಪಡಿಯಾ?

ಇವೆರಡೂ ಬೇರೆ ಬೇರೆ. ಶಾಲೆಯ ದಾಖಲಾತಿಯಲ್ಲಿ, ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಸರಿಯಾಗೇ ಇದ್ದು, ಆಧಾರ್ ಮಾಡಿಸುವಾಗ ಟೈಪ್ ಮಾಡಿದವರು ಒಂದು ಅಕ್ಷರ ನುಂಗಿದ್ದರೆ ಅದು ತಿದ್ದುಪಡಿ. ಅದಕ್ಕೆ ಪತ್ರಿಕೆ, ಗೆಜೆಟ್ ಯಾವುದೂ ಬೇಡ. ಸರಿಯಾಗಿರುವ ದಾಖಲೆ ತೋರಿಸಿ ತಪ್ಪಾಗಿರುವುದನ್ನು ತಿದ್ದಿಸಿದರೆ ಮುಗಿಯಿತು.

ಇನ್ನೊಂದು ನಮೂನೆ ಇದೆ. ಒಂದು ಕಡೆ ‘ಎಚ್. ಬಿ. ನಾಗರಾಜ’, ಇನ್ನೊಂದು ಕಡೆ ‘ನಾಗರಾಜ ಎಚ್. ಬಿ.’. ಹೆಸರು ಅದೇ, ಇನಿಷಿಯಲ್ ಹಿಂದೆ ಮುಂದೆ. ಬ್ಯಾಂಕಿನವರೋ ಪಿಎಫ್ ಕಚೇರಿಯವರೋ ತಕರಾರು ತೆಗೆದರೆ ‘ಇವೆರಡೂ ನನ್ನವೇ, ಇಬ್ಬರೂ ಒಬ್ಬನೇ ವ್ಯಕ್ತಿ’ ಅಂತ ನೋಟರಿ ಮುಂದೆ ಮಾಡಿಸಿದ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಬಹಳ ಸಲ ಸಾಕಾಗುತ್ತದೆ. ಇಷ್ಟಕ್ಕೇ ಹೋಗಬೇಕಾದವರನ್ನು ಏಜೆಂಟರು ಗೆಜೆಟ್‌ವರೆಗೆ ಎಳೆದುಕೊಂಡು ಹೋಗಿ ಸಾವಿರಾರು ರೂಪಾಯಿ ಬಿಡಿಸುವುದನ್ನು ಕಣ್ಣಾರೆ ನೋಡಿದ್ದೇನೆ.

ನಿಜವಾದ ಬದಲಾವಣೆ ಅಂದರೆ ಪೂರ್ತಿ ಹೊಸ ಹೆಸರು, ಅಡ್ಡಹೆಸರು (ಸರ್‌ನೇಮ್) ಸೇರಿಸುವುದು ಅಥವಾ ಬಿಡುವುದು, ಮತಾಂತರದ ನಂತರದ ಹೆಸರು, ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಇಂಗ್ಲಿಷ್‌ನಲ್ಲಿ ಇನ್ನೊಂದು ‘ಎ’ ಸೇರಿಸುವುದು. ಕಾರಣ ಒಂದು ಸಾಲಿನಲ್ಲಿ ಬರೆದರೆ ಸಾಕು, ಸಮರ್ಥನೆ ಮಾಡಿಕೊಳ್ಳಬೇಕಿಲ್ಲ. ಸಾಲದಿಂದ, ಕೇಸಿನಿಂದ ತಪ್ಪಿಸಿಕೊಳ್ಳಲು ಮಾಡಬಾರದು, ಅಷ್ಟೇ.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಗಂಡನ ಹೆಸರನ್ನೋ ಅಡ್ಡಹೆಸರನ್ನೋ ಇಟ್ಟುಕೊಳ್ಳಲೇಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ಅತ್ತೆ ಮನೆಯವರು ಹೇಳಿದರು ಅಂತ ಅವಸರದಲ್ಲಿ ಆಧಾರ್ ಬದಲಾಯಿಸಿ, ಅಂಕಪಟ್ಟಿ, ಪ್ಯಾನ್, ಪಾಸ್‌ಪೋರ್ಟ್ ಎಲ್ಲ ತವರಿನ ಹೆಸರಲ್ಲೇ ಉಳಿದು ಪೇಚಾಡುವವರು ತುಂಬಾ ಜನ. ಬೇಕು ಅನ್ನಿಸಿದರೆ ಖಂಡಿತ ಮಾಡಿಸಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದ ಮದುವೆ ನೋಂದಣಿ ಪ್ರಮಾಣಪತ್ರ ಇದ್ದರೆ ಅಡ್ಡಹೆಸರು ಬದಲಾಯಿಸುವ ಬಹುಪಾಲು ಕಡೆ ಗೆಜೆಟ್ ಬೇಕಾಗುವುದಿಲ್ಲ. ವಿಚ್ಛೇದನ ಆಗಿ ತವರಿನ ಹೆಸರಿಗೆ ಮರಳುವುದಾದರೆ ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ ಬೇಕು.

ಹೊಸ ಹೆಸರನ್ನು ಬರೆದು ಗೋಡೆಗೆ ಅಂಟಿಸಿ

ತಮಾಷೆಯಲ್ಲ. ಹೊಸ ಹೆಸರು ಕನ್ನಡದಲ್ಲಿ ಹೇಗೆ, ಇಂಗ್ಲಿಷ್‌ನಲ್ಲಿ ಹೇಗೆ, ಎಲ್ಲಿ ಜಾಗ ಬಿಡಬೇಕು, ಯಾವುದು ಮೊದಲ ಹೆಸರು, ಯಾವುದು ಕೊನೆಯ ಹೆಸರು ಎಲ್ಲವನ್ನೂ ಮೊದಲು ತೀರ್ಮಾನ ಮಾಡಿ. ನಮ್ಮ ಹೆಸರುಗಳಿಗೆ ಇದು ಬೇರೆಯವರಿಗಿಂತ ಜಾಸ್ತಿ ಮುಖ್ಯ. ನಾಗರಾಜ್, ನಾಗರಾಜ, ನಾಗರಾಜು ಮೂವರೂ ನಮ್ಮ ಕಿವಿಗೆ ಒಬ್ಬರೇ. ಕಂಪ್ಯೂಟರ್‌ಗೆ ಮೂರು ಜನ. ಲಕ್ಷ್ಮಿಯನ್ನು ಇಂಗ್ಲಿಷ್‌ನಲ್ಲಿ ‘ಎಕ್ಸ್’ ಹಾಕಿ ಬರೆಯುವವರಿದ್ದಾರೆ, ‘ಕೆ ಎಸ್ ಎಚ್’ ಹಾಕುವವರೂ ಇದ್ದಾರೆ. ಒಮ್ಮೆ ಆಯ್ಕೆ ಮಾಡಿದ ಮೇಲೆ ಅದೇ ಕೊನೆ.

ಇನಿಷಿಯಲ್ ವಿಷಯ ಇನ್ನೂ ಗೋಜಲು. ಹಳೇ ಮೈಸೂರು ಕಡೆಯವರಿಗೆ ಅಡ್ಡಹೆಸರಿನ ಅಭ್ಯಾಸ ಕಡಿಮೆ. ಊರಿನದ್ದೊಂದು ಅಕ್ಷರ, ಅಪ್ಪನದ್ದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಎಚ್. ಡಿ. ದೇವೇಗೌಡ ಅಂದರೆ ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ. ಪ್ರಧಾನಿ ಆಗುವವರೆಗೂ ಇನಿಷಿಯಲ್ ನಡೆಯುತ್ತದೆ, ಪಾಸ್‌ಪೋರ್ಟ್ ಅರ್ಜಿಯಲ್ಲಿ ನಡೆಯುವುದಿಲ್ಲ! ಅಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಪುಣ್ಯವಂತರು: ತನ್ನ ಹೆಸರು, ಅಪ್ಪನ ಹೆಸರು, ಆಮೇಲೆ ಮೆಣಸಿನಕಾಯಿಯೋ ಉಳ್ಳಾಗಡ್ಡಿಯೋ ಒಂದು ಗಟ್ಟಿ ಅಡ್ಡಹೆಸರು. ಅರ್ಜಿಯ ಮೂರೂ ಖಾನೆ ತಾನಾಗಿಯೇ ತುಂಬುತ್ತದೆ.

2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು, ಗುಲ್ಬರ್ಗ ಕಲಬುರಗಿ ಆಯಿತು. ಆದರೆ ನಿಮ್ಮ ಇನಿಷಿಯಲ್‌ನ ‘ಬಿ’ ತಾನಾಗಿ ‘ವಿ’ ಆಗಲಿಲ್ಲ. ಊರಿಗೆ ಸರ್ಕಾರ ಮಾಡಿಕೊಟ್ಟಿತು, ನಮ್ಮದನ್ನು ನಾವೇ ಮಾಡಿಕೊಳ್ಳಬೇಕು.

ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಒಂದೇ ಪದದ ಹೆಸರು ಬೇಡ. 2022ರ ನವೆಂಬರ್‌ನಲ್ಲಿ ಯುಎಇಯವರು, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದುಬಿಟ್ಟರು. ಆಮೇಲೆ ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಕುಟುಂಬದ ಹೆಸರೋ ಇದ್ದರೆ ಆಗುತ್ತದೆ ಅಂತ ಸ್ವಲ್ಪ ಸಡಿಲ ಮಾಡಿದರು. ಅಮೆರಿಕದ ವೀಸಾದಲ್ಲಾದರೆ ನಿಮ್ಮ ಒಂದೇ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ ಎನ್ ಯು’ ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿ ಆಫೀಸಿನವರು ಅದನ್ನೇ ಹೆಸರು ಅಂದುಕೊಂಡು ಹಾಗೇ ಕರೆದ ಕಥೆಗಳು ಬೇಕಾದಷ್ಟಿವೆ.

ಹೆಜ್ಜೆ 1: ಅಫಿಡವಿಟ್

ನಮ್ಮ ಕಡೆ ಇದಕ್ಕೆ ಪ್ರಮಾಣಪತ್ರ ಅಂತಲೂ ಅನ್ನುತ್ತಾರೆ. ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಬೇಕು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಆದ ಮೇಲೆ ಹಳೇ ಛಾಪಾ ಕಾಗದ ಕರ್ನಾಟಕದಲ್ಲಿ ಸಿಗುವುದಿಲ್ಲ, ಈಗ ಎಲ್ಲ ಇ-ಸ್ಟಾಂಪ್. ಕೋರ್ಟ್, ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿ ಕಚೇರಿ ಇರುವ ಬೀದಿಯಲ್ಲೇ ಸಿಗುತ್ತದೆ. ಅಫಿಡವಿಟ್‌ಗೆ ಮುದ್ರಾಂಕ ಶುಲ್ಕ ಮುಂಚೆ 20 ರೂಪಾಯಿ ಇತ್ತು, 2024ರಲ್ಲಿ 100 ಆಯಿತು. ಹಳೇ ಮಾಹಿತಿ ನಂಬಿ 20ರದ್ದು ತೆಗೆದುಕೊಂಡು ಹೋಗಬೇಡಿ.

ಒಳಗೆ ಏನಿರಬೇಕು? ಹಳೇ ಹೆಸರು, ಹೊಸ ಹೆಸರು, ಅಪ್ಪ ಅಥವಾ ಗಂಡನ ಹೆಸರು, ವಯಸ್ಸು, ಪೂರ್ತಿ ವಿಳಾಸ, ಬದಲಾಯಿಸುವ ಕಾರಣ. ಎರಡೂ ಹೆಸರಿನವನು ಒಬ್ಬನೇ ಅನ್ನುವ ಸಾಲು. ಯಾವುದೇ ಸಾಲ, ಕೇಸು ತಪ್ಪಿಸಿಕೊಳ್ಳಲು ಮಾಡುತ್ತಿಲ್ಲ ಅನ್ನುವ ಸಾಲು. ನನ್ನ ಸಲಹೆ ಕೇಳುವುದಾದರೆ ಹಳೇ ಹೆಸರು ಯಾವ ಯಾವ ದಾಖಲೆಯಲ್ಲಿ ಹೇಗೆ ಹೇಗೆ ಇದೆ ಅನ್ನುವುದನ್ನೂ ಬರೆಸಿ. ‘ಅಂಕಪಟ್ಟಿಯಲ್ಲಿ ನಾಗರಾಜ್ ಬಿ., ಪ್ಯಾನ್‌ನಲ್ಲಿ ಬಸಪ್ಪ ನಾಗರಾಜು’ ಅಂತ ಒಂದೊಂದನ್ನೂ. ಟೈಪಿಸ್ಟ್ ಮುಖ ಸಿಂಡರಿಸುತ್ತಾರೆ, ಅವರ ಹತ್ತಿರ ಇರುವುದು ಒಂದೇ ನಮೂನೆ, ಅದರಲ್ಲಿ ಹೆಸರು ತುಂಬಿ ಕೊಡುವುದು ಅವರ ಅಭ್ಯಾಸ. ಬಿಡಬೇಡಿ. ಮುಂದೆ ಹತ್ತು ವರ್ಷ ಆದ ಮೇಲೂ ಇದೇ ಕಾಗದ ನಿಮ್ಮನ್ನು ಕಾಪಾಡುವುದು.

ಸಹಿ ಎರಡೂ ಹೆಸರಲ್ಲಿ ಮಾಡಿ, ಹಳೇದು ಒಂದು, ಹೊಸದು ಒಂದು. ಫೋಟೊ ಅಂಟಿಸಿ. ನೋಟರಿ ಮುಂದೆ ನೀವೇ ಹೋಗಿ ಸಹಿ ಮಾಡಿ, ಅವರ ರಿಜಿಸ್ಟರ್‌ನಲ್ಲೂ ಸಹಿ ಹಾಕಿ. ಮರದ ಕೆಳಗೆ ಕೂತು ‘ನೀವು ಬರೋದೇ ಬೇಡ, ಕಾಗದ ಕಳಿಸಿ’ ಅನ್ನುವವರ ಹತ್ತಿರ ಮಾಡಿಸಬೇಡಿ. ಮೂಲ ಪ್ರತಿ ಎರಡು ಮಾಡಿಸಿ. ಒಂದು ಗೆಜೆಟ್‌ಗೆ ಅಂತ ದೆಹಲಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ನಾನು ಒಂದೇ ಮಾಡಿಸಿ ಆಮೇಲೆ ಪಟ್ಟ ಪಾಡು ಬೇಡ.

ಇಂಗ್ಲಿಷ್‌ನಲ್ಲೇ ಮಾಡಿಸುವುದು ಅನುಕೂಲ, ಯಾಕೆಂದರೆ ಅದು ದೆಹಲಿಯ ಮೇಜಿಗೆ ಹೋಗುವ ಕಾಗದ. ಆದರೆ ಹೊಸ ಹೆಸರನ್ನು ಆವರಣದಲ್ಲಿ ಕನ್ನಡದಲ್ಲೂ ಬರೆಸಿಕೊಳ್ಳಿ. ಯಾಕೆ ಅಂತ ಆಧಾರ್ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 2: ಪತ್ರಿಕೆಯಲ್ಲಿ ಪ್ರಕಟಣೆ

ಎರಡು ಪತ್ರಿಕೆ: ಒಂದು ಕನ್ನಡ, ಒಂದು ಇಂಗ್ಲಿಷ್. ನೀವಿರುವ ಊರಿಗೆ ಬರುವ ಪತ್ರಿಕೆ ಆಗಿರಬೇಕು. ವರ್ಗೀಕೃತ ಜಾಹೀರಾತಿನ ವಿಭಾಗದಲ್ಲಿ ‘ಹೆಸರು ಬದಲಾವಣೆ’ ಅಂತಲೇ ಒಂದು ತಲೆಬರಹ ಇರುತ್ತದೆ. ಪತ್ರಿಕೆಗಳ ವೆಬ್‌ಸೈಟ್‌ನಲ್ಲೇ ದುಡ್ಡು ಕಟ್ಟಿ ಕೊಡಬಹುದು, ಊರಿನ ಜಾಹೀರಾತು ಏಜೆನ್ಸಿಯವರ ಮೂಲಕವೂ ಆಗುತ್ತದೆ. ದರ ಆವೃತ್ತಿಯ ಮೇಲೆ ಹೋಗುತ್ತದೆ. ಇಡೀ ರಾಜ್ಯದ ಆವೃತ್ತಿ ಬೇಡ, ನಿಮ್ಮ ಜಿಲ್ಲೆಯದ್ದು ಸಾಕು.

ಕನ್ನಡದ ಒಕ್ಕಣೆ ಹೀಗಿದ್ದರೆ ಸಾಕು:

‘ನಾನು, ಬಸಪ್ಪ ಅವರ ಮಗ, ವಯಸ್ಸು ಇಷ್ಟು, ವಾಸ ಇಲ್ಲಿ, ಇದುವರೆಗೆ ನಾಗರಾಜ್ ಬಿ. ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದು, ಇಂಥ ದಿನಾಂಕದಂದು ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರದ ಮೂಲಕ ನನ್ನ ಹೆಸರನ್ನು ನಾಗರಾಜ ಬಸಪ್ಪ ಹೊನ್ನಳ್ಳಿ ಎಂದು ಬದಲಾಯಿಸಿಕೊಂಡಿರುತ್ತೇನೆ. ಇನ್ನು ಮುಂದೆ ಎಲ್ಲ ಉದ್ದೇಶಗಳಿಗೂ ಇದೇ ಹೆಸರಿನಿಂದ ಗುರುತಿಸತಕ್ಕದ್ದು.’

‘ಕರೆಯಲ್ಪಡುತ್ತಿದ್ದು’ ಅಂತೆಲ್ಲ ಯಾರೂ ಮಾತಾಡುವುದಿಲ್ಲ, ಗೊತ್ತು. ಆದರೆ ಕಚೇರಿಯ ಮೇಜಿನ ಆಚೆ ಕೂತವರಿಗೆ ಈ ಭಾಷೆ ಕಂಡರೆ ಸಮಾಧಾನ.

ಇಲ್ಲಿ ಒಂದೊಂದು ಅಕ್ಷರವೂ ಅಫಿಡವಿಟ್‌ನಲ್ಲಿ ಇದ್ದ ಹಾಗೇ ಇರಬೇಕು. ಅಚ್ಚಿಗೆ ಹೋಗುವ ಮುಂಚೆ ಕರಡು ಕೇಳಿ ತರಿಸಿಕೊಂಡು ಓದಿ. ನನ್ನ ಜಾಹೀರಾತು ಮೊದಲ ಸಲ ಬಂದಾಗ ಇಂಗ್ಲಿಷ್‌ನಲ್ಲಿ ಒಂದು ‘ಎ’ ಮಾಯವಾಗಿತ್ತು, ಮತ್ತೆ ದುಡ್ಡು ಕಟ್ಟಿ ಹಾಕಿಸಿದೆ. ಬಂದ ದಿನ ಬೆಳಗ್ಗೆಯೇ ಐದಾರು ಪ್ರತಿ ಕೊಂಡುಬಿಡಿ. ಕತ್ತರಿಸಿ ಇಡಬೇಡಿ. ಪತ್ರಿಕೆಯ ಹೆಸರು, ದಿನಾಂಕ ಕಾಣುವ ಹಾಗೆ ಪೂರ್ತಿ ಹಾಳೆ ಬೇಕು. ಮನೆಯಲ್ಲಿ ರದ್ದಿಗೆ ಹಾಕುವವರಿಗೂ ಮೊದಲೇ ಹೇಳಿಬಿಡಿ.

ಹೆಜ್ಜೆ 3: ಗೆಜೆಟ್

ನಾನಿಲ್ಲಿ ಹೇಳುತ್ತಿರುವುದು ಕೇಂದ್ರದ ಗೆಜೆಟ್, ಅಂದರೆ ಭಾರತದ ರಾಜಪತ್ರ. ಯಾವ ರಾಜ್ಯದವರು ಬೇಕಾದರೂ ಮಾಡಿಸಬಹುದು. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿ ಇರುವ ಪ್ರಕಾಶನ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ಇಲಾಖೆ ಬರುವುದು ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಕೆಳಗೆ. ಹೆಸರಿಗೂ ವಸತಿಗೂ ಏನು ಸಂಬಂಧ ಅಂತ ಕೇಳಬೇಡಿ.

ಕಳಿಸಬೇಕಾದ್ದು: ಮನವಿ ಪತ್ರ, ಮೂಲ ಅಫಿಡವಿಟ್, ಎರಡೂ ಪತ್ರಿಕೆಯ ಮೂಲ ಹಾಳೆ, ಇಲಾಖೆಯ ನಮೂನೆಯಲ್ಲಿ ಟೈಪ್ ಮಾಡಿ ನೀವೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಿದ ಪ್ರಕಟಣೆ, ಅದರದ್ದೇ ವರ್ಡ್ ಫೈಲ್, ಕಾಗದದಲ್ಲಿರುವುದೂ ಫೈಲಿನಲ್ಲಿರುವುದೂ ಒಂದೇ ಅನ್ನುವ ಸಹಿ ಮಾಡಿದ ಪತ್ರ, ನೀವೇ ದೃಢೀಕರಿಸಿದ ಫೋಟೊ ಮತ್ತು ಗುರುತಿನ ದಾಖಲೆ, ಶುಲ್ಕ. ಶುಲ್ಕದ ಪಟ್ಟಿ, ನಮೂನೆ ಎರಡೂ ಇಲಾಖೆಯ ವೆಬ್‌ಸೈಟ್‌ನಲ್ಲೇ ಇವೆ. ದೊಡ್ಡವರಿಗೆ ಬೇರೆ ನಮೂನೆ, ಮಕ್ಕಳಿಗೆ ಬೇರೆ, ಮತ ಬದಲಾವಣೆಗೆ ಬೇರೆ. ಕಳಿಸುವ ದಿನವೇ ಇಳಿಸಿಕೊಳ್ಳಿ, ಸ್ನೇಹಿತರು ಎರಡು ವರ್ಷದ ಹಿಂದೆ ಕಳಿಸಿದ್ದ ಫೈಲ್ ನಂಬಬೇಡಿ.

ನಮೂನೆಯ ಒಕ್ಕಣೆಯಲ್ಲಿ ಬದಲಾಯಿಸುವ ಬುದ್ಧಿವಂತಿಕೆ ಬೇಡ. ಅದರ ಕೊನೆಗೆ ‘ಈ ಸಂಬಂಧದ ಉಳಿದ ಕಾನೂನು ನಿಯಮಗಳನ್ನು ಪಾಲಿಸಿದ್ದೇನೆ’ ಅನ್ನುವ ಅರ್ಥದ ಒಂದು ಸಾಲು ಇರುತ್ತದೆ, ಅದನ್ನು ಬಿಟ್ಟರೆ ಅರ್ಜಿ ವಾಪಸ್. ಸಹಿ ಇರುವ ಜಾಗದಲ್ಲಿ ಹಳೇ ಹೆಸರಿನ ಸಹಿ ಕೇಳುತ್ತಾರೆ, ಅವಸರದಲ್ಲಿ ಹೊಸದು ಹಾಕಿಬಿಡಬೇಡಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಂಡು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ದೆಹಲಿಗೆ ಹೋಗಲೇಬೇಕು ಅನ್ನುವುದು ಏಜೆಂಟರು ಹಬ್ಬಿಸಿದ ಸುಳ್ಳು.

ವೈಯಕ್ತಿಕ ಪ್ರಕಟಣೆಗಳು ಬರುವುದು ಗೆಜೆಟ್‌ನ ನಾಲ್ಕನೇ ಭಾಗದಲ್ಲಿ, ವಾರಕ್ಕೊಮ್ಮೆ. 2015ರ ಅಕ್ಟೋಬರ್‌ನಿಂದ ಗೆಜೆಟ್ ಕಾಗದದಲ್ಲಿ ಅಚ್ಚಾಗುವುದು ನಿಂತಿದೆ, ಇ-ಗೆಜೆಟ್ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಆಗಿ ಬರುತ್ತದೆ. ಅದನ್ನು ಇಳಿಸಿಕೊಂಡು ಮೊದಲ ಪುಟ ಮತ್ತು ನಿಮ್ಮ ಹೆಸರಿರುವ ಪುಟ ಎರಡನ್ನೂ ಪ್ರಿಂಟ್ ತೆಗೆಯಿರಿ. ‘ಸೀಲ್ ಹಾಕಿದ ಮೂಲ ಪ್ರತಿ ತನ್ನಿ’ ಅಂತ ಯಾರಾದರೂ ಅಂದರೆ, 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 8ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಗೆಜೆಟ್‌ಗೂ ಅದೇ ಮಾನ್ಯತೆ ಇದೆ ಅಂತ ಮೆಲ್ಲಗೆ ಹೇಳಿ. ಜಗಳ ಬೇಡ, ಮೊಬೈಲ್‌ನಲ್ಲೇ ವೆಬ್‌ಸೈಟ್ ತೆರೆದು ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಸರ್ಕಾರಿ ನೌಕರರು ಇಷ್ಟಕ್ಕೆಲ್ಲ ಕೈ ಹಾಕುವ ಮುಂಚೆ ಇಲಾಖೆಗೆ ಪತ್ರ ಬರೆದು, ಇಲಾಖೆಯ ಮೂಲಕವೇ ಹೋಗಿ. ಸೇವಾ ಪುಸ್ತಕದಲ್ಲಿ ನಮೂದಾಗದ ಹೆಸರು ಪಿಂಚಣಿಯ ಹೊತ್ತಿಗೆ ಕಾಡುತ್ತದೆ.

ಹೆಜ್ಜೆ 4: ಆಧಾರ್, ಇಲ್ಲಿ ನಿಧಾನ

ಗೆಜೆಟ್ ಕೈಗೆ ಬಂದ ಮೇಲೆ ಮೊದಲು ಹೋಗಬೇಕಾದ ಜಾಗ ಆಧಾರ್ ಕೇಂದ್ರ. ಬೆಂಗಳೂರು ಒನ್, ಕರ್ನಾಟಕ ಒನ್, ಅಂಚೆ ಕಚೇರಿ, ಆಧಾರ್ ಸೇವಾ ಕೇಂದ್ರ, ಎಲ್ಲಿ ಸೌಲಭ್ಯ ಇದೆಯೋ ಅಲ್ಲಿ. ಹೆಸರು ಪೂರ್ತಿ ಬದಲಾಗಿದ್ದರೆ ಗೆಜೆಟ್ ಜೊತೆಗೆ ಹಳೇ ಹೆಸರಿನ ಒಂದು ಗುರುತಿನ ದಾಖಲೆಯನ್ನೂ ಕೇಳುತ್ತಾರೆ. ಇದಕ್ಕೇ ನಾನು ಹೇಳುವುದು, ಎಲ್ಲ ಕಾರ್ಡನ್ನೂ ಒಟ್ಟಿಗೆ ಬದಲಾಯಿಸಲು ಹೊರಡಬೇಡಿ. ಹಳೇ ಹೆಸರಿನದ್ದು ಒಂದಾದರೂ ಕೈಯಲ್ಲಿರಲಿ.

ಶುಲ್ಕ 50 ಇತ್ತು, 2025ರ ಅಕ್ಟೋಬರ್‌ನಿಂದ 75 ರೂಪಾಯಿ. ದುಡ್ಡು ಮುಖ್ಯವಲ್ಲ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಾಯಿಸಲು ಬಿಡುತ್ತಾರೆ. ಹಿಂದೆ ಒಮ್ಮೆ ಕಾಗುಣಿತ ತಿದ್ದಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೂತವರು ಟೈಪ್ ಮಾಡುವಾಗ ಪರದೆ ನಿಮ್ಮ ಕಡೆಗೂ ತಿರುಗಿಸಲು ಹೇಳಿ.

ಈಗ ಕನ್ನಡದ ವಿಷಯ. ಅವರು ಟೈಪ್ ಮಾಡುವುದು ಇಂಗ್ಲಿಷ್‌ನಲ್ಲಿ. ಕನ್ನಡ ತಾನಾಗಿ ಮೂಡುತ್ತದೆ, ಮೂಡುವಾಗ ದೀರ್ಘ ಹೋಗುತ್ತದೆ, ಒತ್ತು ಹೋಗುತ್ತದೆ, ‘ಳ’ ಇದ್ದದ್ದು ‘ಲ’ ಆಗುತ್ತದೆ, ‘ಣ’ ಇದ್ದದ್ದು ‘ನ’ ಆಗುತ್ತದೆ. ಹೊನ್ನಳ್ಳಿ ಹೋಗಿ ‘ಹೊನ್ನಲ್ಲಿ’ ಆದರೆ ಊರು ಹೋಗಿ ಚಿನ್ನ ಬಂತು ಅಂತ ಖುಷಿಪಡಬಹುದು, ಅಷ್ಟೇ. ಅದನ್ನು ಕೈಯಿಂದ ತಿದ್ದಲು ಅವಕಾಶ ಇದೆ, ಕೇಳಿ ತಿದ್ದಿಸಿ. ಅಫಿಡವಿಟ್‌ನಲ್ಲಿ ಕನ್ನಡದ ರೂಪವೂ ಇದ್ದರೆ ಬೆರಳಿಟ್ಟು ತೋರಿಸಬಹುದು. ಮೊದಲೇ ಹೇಳಿದ್ದು ಇದಕ್ಕೇ. ರಸೀದಿ ಕೊಡುತ್ತಾರೆ, ಅದರಲ್ಲಿ ಎರಡೂ ಭಾಷೆಯ ಹೆಸರು ಓದಿದ ಮೇಲೆಯೇ ಕುರ್ಚಿ ಬಿಟ್ಟು ಏಳಿ.

ಆಮೇಲಿನವು

ಆಧಾರ್ ಬಂದ ಮೇಲೆ ಪ್ಯಾನ್. ಆನ್‌ಲೈನ್‌ನಲ್ಲೇ ಆಗುತ್ತದೆ, ನೂರು ರೂಪಾಯಿ ಚಿಲ್ಲರೆ. ಪ್ಯಾನ್ ನಂಬರ್ ಬದಲಾಗುವುದಿಲ್ಲ, ‘ಹೊಸ ಪ್ಯಾನ್’ ಅನ್ನುವುದಕ್ಕೆ ಅರ್ಜಿ ಹಾಕಬೇಡಿ, ‘ತಿದ್ದುಪಡಿ’ ಆರಿಸಿ. ಎರಡು ಹೆಸರಲ್ಲಿ ಎರಡು ಪ್ಯಾನ್ ಇಟ್ಟುಕೊಂಡರೆ ದಂಡ. ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಇನ್ನೊಂದು ಹೆಸರಿದ್ದರೆ ಎರಡನ್ನೂ ಜೋಡಿಸುವಾಗ ತಕರಾರು ಬರುತ್ತದೆ. ಆದ್ದರಿಂದ ಈ ಎರಡರ ನಡುವೆ ಜಾಸ್ತಿ ದಿನ ಬಿಡಬೇಡಿ.

ಆಮೇಲೆ ಬ್ಯಾಂಕ್. ಅದಾದ ಮೇಲೆ ಪಿಎಫ್, ವಿಮೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿಗೆ ನಮೂನೆ 8. ಇವೆಲ್ಲ ಬೇಸರದ ಕೆಲಸ, ಕಷ್ಟದ್ದಲ್ಲ.

ಪಾಸ್‌ಪೋರ್ಟ್‌ನಲ್ಲಿ ತಿದ್ದುಪಡಿ ಅನ್ನುವುದೇ ಇಲ್ಲ, ಮರುವಿತರಣೆಗೆ ಅರ್ಜಿ ಹಾಕಿ ಹೊಸ ಪುಸ್ತಕ ತೆಗೆದುಕೊಳ್ಳಬೇಕು. 36 ಪುಟದ್ದಕ್ಕೆ 1,500 ರೂಪಾಯಿ. ಕಾರಣದ ಜಾಗದಲ್ಲಿ ವೈಯಕ್ತಿಕ ವಿವರದ ಬದಲಾವಣೆ ಅನ್ನುವುದನ್ನು ಆರಿಸಿ. ಅಫಿಡವಿಟ್, ಪತ್ರಿಕೆಯ ಮೂಲ ಹಾಳೆ, ಗೆಜೆಟ್, ಹೊಸ ಹೆಸರಿನ ಆಧಾರ್, ಪ್ಯಾನ್ ಎಲ್ಲ ಹಿಡಿದುಕೊಂಡೇ ಹೋಗಿ. ಹಳೇ ಪುಸ್ತಕದಲ್ಲಿ ಚಾಲ್ತಿ ವೀಸಾ ಇದ್ದರೆ ಅದನ್ನು ಬಿಸಾಡಬೇಡಿ, ಎರಡನ್ನೂ ಜೊತೆಗೆ ಇಟ್ಟುಕೊಂಡು, ಆ ದೇಶದವರು ಏನನ್ನುತ್ತಾರೆ ಅಂತ ಟಿಕೆಟ್ ಮಾಡುವ ಮುಂಚೆ ಕೇಳಿ. ಹೊರದೇಶದಲ್ಲಿ ಇದ್ದು ಭಾರತದ ಪಾಸ್‌ಪೋರ್ಟ್ ಹೊಂದಿರುವವರು ಅಲ್ಲಿನ ನಮ್ಮ ರಾಯಭಾರ ಕಚೇರಿಯ ಮೂಲಕ ಹೋಗಬೇಕು.

ಲಿಂಗ ಪರಿವರ್ತಿತರಿಗೆ ದಾರಿ ಬೇರೆ. 2019ರ ಕಾಯ್ದೆಯ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಕೊಡುವ ಗುರುತಿನ ಪ್ರಮಾಣಪತ್ರದ ಆಧಾರದ ಮೇಲೆ ಜನನ ಪ್ರಮಾಣಪತ್ರ ಮತ್ತು ಉಳಿದ ದಾಖಲೆಗಳಲ್ಲಿ ಮೊದಲ ಹೆಸರು ಬದಲಾಯಿಸಿಕೊಳ್ಳುವ ಹಕ್ಕು ಬರೆದಿಟ್ಟಿದೆ. ಅರ್ಜಿ ಹಾಕುವ ಮುಂಚೆ ಈಗ ಚಾಲ್ತಿಯಲ್ಲಿರುವ ನಿಯಮ ನೋಡಿಕೊಳ್ಳಿ.

ಅಂಕಪಟ್ಟಿ ಅನ್ನುವ ಕಬ್ಬಿಣದ ಕಡಲೆ

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವುದು ಇದನ್ನೇ. ಗೆಜೆಟ್ ಆಗಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು ಬದಲಾಯಿಸಿಕೊಡಿ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಅಂಕಪಟ್ಟಿ ಅಂದರೆ ಆ ವರ್ಷ ಪರೀಕ್ಷೆ ಬರೆದಾಗ ನಿಮ್ಮ ಹೆಸರು ಏನಿತ್ತೋ ಅದರ ದಾಖಲೆ. ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ಸರಿ ಇದ್ದು ಅಂಕಪಟ್ಟಿಯಲ್ಲಿ ಮಾತ್ರ ತಪ್ಪಾಗಿದ್ದರೆ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಬರೆದು ತಿದ್ದಿಸಬಹುದು. ರಿಜಿಸ್ಟರ್‌ನಲ್ಲೇ ಬೇರೆ ಇದ್ದರೆ ಸಿವಿಲ್ ಕೋರ್ಟ್. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಕೆಳಗೆ ಘೋಷಣೆಯ ದಾವೆ, ಅಂದರೆ ನನ್ನ ಹೆಸರು ಇದೇ ಅಂತ ಕೋರ್ಟ್ ಘೋಷಿಸಲಿ ಅನ್ನುವ ದಾವೆ, ಹಾಕಬೇಕು. ಸರ್ಕಾರವನ್ನು ಪ್ರತಿವಾದಿ ಮಾಡುವುದಾದರೆ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಇಲ್ಲಿ ವಕೀಲರು ಬೇಕು, ಒಬ್ಬರೇ ಮಾಡುವ ಸಾಹಸ ಬೇಡ.

2021ರಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಮಾಣಪತ್ರದ ಒಂದು ಪ್ರಕರಣದಲ್ಲಿ, ಹೆಸರು ಅನ್ನುವುದು ವ್ಯಕ್ತಿಯ ಗುರುತಿನ ಭಾಗ, ಅದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಅಂದಿತು. ಬದಲಾವಣೆಯ ಬಾಗಿಲನ್ನು ಪೂರ್ತಿ ಮುಚ್ಚಬಾರದು ಅಂತಲೂ ಹೇಳಿತು. ಆದರೆ ಶಾಲೆಯ ದಾಖಲೆಗೆ ಹೊಂದದ ಹೊಸ ಹೆಸರು ಬೇಕಾದರೆ ಕೋರ್ಟಿನ ಘೋಷಣೆ, ಗೆಜೆಟ್ ಎರಡೂ ಬೇಕು ಅನ್ನುವುದನ್ನೂ ಅದೇ ತೀರ್ಪು ಒಪ್ಪಿದೆ.

ನನ್ನ ಅಭಿಪ್ರಾಯ ಕೇಳಿದರೆ, ಬಿಟ್ಟುಬಿಡಿ. ಅಂಕಪಟ್ಟಿ ಹಳೇ ಹೆಸರಲ್ಲೇ ಇರಲಿ. ಅದರ ಹಿಂದೆ ಅಫಿಡವಿಟ್ ಮತ್ತು ಗೆಜೆಟ್ ಪಿನ್ ಮಾಡಿಡಿ. ಕೆಲಸ ಕೊಡುವವರು, ವಿಶ್ವವಿದ್ಯಾಲಯದವರು ಸಾಮಾನ್ಯವಾಗಿ ಒಪ್ಪುತ್ತಾರೆ. ನಾನು ಹಾಗೇ ಮಾಡಿದ್ದೇನೆ.

ಮಕ್ಕಳಿದ್ದರೆ ಈಗಲೇ ನೋಡಿ

ಆಸ್ಪತ್ರೆಯಿಂದ ಜನನ ನೋಂದಣಿ ಆಗುವಾಗ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ, ನಾಮಕರಣವೇ ಆಗಿರುವುದಿಲ್ಲ ಅಲ್ವಾ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸಿದ ಮೇಲೆ ಬದಲಾಯಿಸುವುದು ಕಷ್ಟ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪು ತಿದ್ದಲು ಅವಕಾಶ ಇದೆ, ಇಷ್ಟವಿಲ್ಲ ಅಂತ ಬೇರೆ ಹೆಸರು ಇಡಲು ಸ್ಪಷ್ಟ ಅವಕಾಶ ಇಲ್ಲ. 2025ರಲ್ಲಿ ಉಡುಪಿಯ ಒಂದು ಮಗುವಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದಕ್ಕೊಂದು ದಾರಿ ಮಾಡಿತು: ಕಾನೂನು ತಿದ್ದುಪಡಿ ಆಗುವವರೆಗೆ ತಂದೆ ತಾಯಿ ಅಫಿಡವಿಟ್ ಕೊಟ್ಟರೆ, ಅಧಿಕಾರಿಗಳು ಪರಿಶೀಲಿಸಿ, ಹಳೇ ಹೊಸ ಎರಡೂ ಹೆಸರು ಕಾಣುವ ಹಾಗೆ ನಮೂದು ಮಾಡಬೇಕು ಅಂತ. ನೋಂದಣಿ ಕಚೇರಿಯಲ್ಲಿ ಆಗುವುದಿಲ್ಲ ಅಂದರೆ ಈ ತೀರ್ಪಿನ ಪ್ರತಿ ತೋರಿಸಿ.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟ್‌ಗೂ ಹುಟ್ಟಿದ ದಿನಾಂಕದ ಪುರಾವೆ ಜನನ ಪ್ರಮಾಣಪತ್ರ ಒಂದೇ. ಆದ್ದರಿಂದ ಅದರಲ್ಲೇ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಸಿ. ಶಾಲೆಯಲ್ಲಿರುವ ದೊಡ್ಡ ಮಕ್ಕಳಿದ್ದರೆ ಹತ್ತನೇ ತರಗತಿಯ ನಾಮಿನಲ್ ರೋಲ್ (ಪರೀಕ್ಷೆ ಬರೆಯುವವರ ಹೆಸರಿನ ಪಟ್ಟಿ) ಹೋಗುವ ಮುಂಚೆ ಸ್ವತಃ ಹೋಗಿ ಹೆಸರು ಓದಿ ಬನ್ನಿ. ಆಗ ಐದು ನಿಮಿಷದಲ್ಲಿ ಆಗುವ ಕೆಲಸ, ಆಮೇಲೆ ಕೋರ್ಟ್ ಮೆಟ್ಟಿಲು.

ಕೊನೆಗೆ ಆಸ್ತಿ ಮತ್ತು ನಾಮಿನಿ

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಹೆಸರಲ್ಲಿರುವ ಹಳೇ ಕ್ರಯಪತ್ರವನ್ನು ಮತ್ತೆ ನೋಂದಣಿ ಮಾಡಿಸಬೇಕಿಲ್ಲ, ಅದು ಹಳೇ ಹೆಸರಲ್ಲೇ ಇದ್ದರೂ ಆಸ್ತಿ ನಿಮ್ಮದೇ. ಖಾತೆ, ಪಹಣಿಯಲ್ಲಿ ಮಾತ್ರ ಅರ್ಜಿ ಕೊಟ್ಟು ಸರಿಮಾಡಿಸಿಕೊಳ್ಳಿ. ಮುಂದೆ ಮಾರುವಾಗ ಪತ್ರದಲ್ಲಿ ‘ನಾಗರಾಜ ಬಸಪ್ಪ ಹೊನ್ನಳ್ಳಿ ಉರುಫ್ ನಾಗರಾಜ್ ಬಿ.’ ಅಂತ ಎರಡೂ ಬರೆಸಿ.

ನೀವು ಬೇರೆಯವರ ಕಾಗದದಲ್ಲೂ ಇದ್ದೀರಿ. ಅಪ್ಪನ ಎಲ್‌ಐಸಿ ಪಾಲಿಸಿಯಲ್ಲಿ, ಅಮ್ಮನ ಅಂಚೆ ಕಚೇರಿ ಉಳಿತಾಯದಲ್ಲಿ, ಹೆಂಡತಿಯ ಪಿಎಫ್‌ನಲ್ಲಿ ನಾಮಿನಿ ಯಾರು? ಹಳೇ ಹೆಸರಿನ ನೀವು. ಅವನ್ನು ಅವರಿಂದಲೇ ಬದಲಾಯಿಸಿಸಿ, ಅವರು ಚೆನ್ನಾಗಿರುವಾಗಲೇ. ಊರಿನಲ್ಲಿ ಜಮೀನಿದ್ದರೆ ಒಂದಲ್ಲ ಒಂದು ದಿನ ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬರುವುದು) ಆಗಲೇಬೇಕು, ಆಗ ವಂಶವೃಕ್ಷ ಕೇಳುತ್ತಾರೆ. ಅದರಲ್ಲಿ ಗ್ರಾಮದವರಿಗೆ ಗೊತ್ತಿರುವ ಹೆಸರು ಹೋಗುತ್ತದೆ, ನಿಮ್ಮ ಆಧಾರ್‌ನ ಹೆಸರು ಬೇರೆ ಇರುತ್ತದೆ, ಅಲ್ಲಿಗೆ ಕಡತ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಹಾಗೇ ನಿಂತಿತ್ತು. ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ‘ಉರುಫ್’ ಸೇರಿಸಿ, ಜೊತೆಗೆ ಆಮೇಲೆ ಪಾಡು ಪಟ್ಟು ಮಾಡಿಸಿದ ಎರಡನೇ ಮೂಲ ಅಫಿಡವಿಟ್ ಲಗತ್ತಿಸಿದ ಮೇಲೆಯೇ ನಮ್ಮದು ಮುಂದಕ್ಕೆ ಹೋಯಿತು. ಗ್ರಾಮ ಲೆಕ್ಕಿಗರು ಅದನ್ನು ಓದಿ ಸಹಿ ಹಾಕಿ, ‘ಏನ್ರೀ, ಎಲ್ಲರೂ ನಿಮ್ಮನ್ನ ರಾಜಣ್ಣ ಅಂತಾರಲ್ಲ, ಅದು ಇದರಲ್ಲಿ ಇಲ್ಲವೇ ಇಲ್ಲ’ ಅಂದರು.